ಕಿರಾಣಿ ಚೀಟಿಯಲ್ಲಿ ಕಾಣುವ ಆರೋಗ್ಯ

ಮುಂಬಯಿಯಲ್ಲಿರುವ ನಮ್ಮ ಸಂಘ-ಸಂಸ್ಥೆಗಳ ಯಾವುದೇ ಕಾರ್ಯಕ್ರಮಕ್ಕೆ ಹೋದರೂ ಇತ್ತೀಚೆಗೆ ಊಟದ ಪಂಕ್ತಿಯಲ್ಲಿ ಒಂದು ಹೊಸ ಚರ್ಚೆ ಕಿವಿಗೆ ಬೀಳುತ್ತದೆ. ಒಬ್ಬರು ಅನ್ನವೇ ಬೇಡವೆನ್ನುತ್ತಾರೆ. ಪಕ್ಕದವರು ಅನ್ನ ಬಡಿಸಿಕೊಂಡು ತುಪ್ಪ ಬೇಡವೆನ್ನುತ್ತಾರೆ. ಮೂರನೆಯವರು ತುಪ್ಪವನ್ನು ಎರಡು ಚಮಚ ಹೆಚ್ಚೇ ಹಾಕಿಸಿಕೊಂಡು, ‘ಈಗ ತುಪ್ಪ ಒಳ್ಳೆಯದಂತೆ, ಮಗಳು ಮೊಬೈಲಿನಲ್ಲಿ ತೋರಿಸಿದಳು’ ಎನ್ನುತ್ತಾರೆ. ಎದುರಿನ ಸಾಲಿನ ತರುಣ ‘ಕೀಟೋ’ದಲ್ಲಿದ್ದಾನೆ, ಅವನ ತಾಯಿ ಸಂಜೆ ಏಳರ ನಂತರ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಬಡಿಸುವ ಸ್ವಯಂಸೇವಕರಿಗೆ ಯಾರಿಗೆ ಏನು ಬಡಿಸಬೇಕೆಂದೇ ತಿಳಿಯದಂತಾಗಿದೆ ಎಂದರೆ ಅತಿಶಯೋಕ್ತಿಯಲ್ಲ.

ನಗುವ ವಿಷಯ ಇದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ದೊಡ್ಡ ಸಮೀಕ್ಷೆಯೊಂದರ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ನಮ್ಮ ಸಂಘಗಳ ಸದಸ್ಯರ ಪಟ್ಟಿ ಹಿಡಿದು ಕುಳಿತರೆ ಈ ಅಂಕಿ-ಅಂಶಕ್ಕೆ ಬೇರೆ ಸಾಕ್ಷಿ ಬೇಕಾಗಲಿಕ್ಕಿಲ್ಲ. ಐವತ್ತು ದಾಟಿದ ಹತ್ತು ಮಂದಿ ಒಂದೆಡೆ ಸೇರಿದರೆ ಮೊದಲು ಊರಿನ ಸುದ್ದಿ, ಅನಂತರ ಸಕ್ಕರೆ ಮತ್ತು ಬಿ.ಪಿ.ಯ ಸುದ್ದಿ.

ನಾನು ವೈದ್ಯನಲ್ಲ, ಆಹಾರ ತಜ್ಞನೂ ಅಲ್ಲ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಮೂವತ್ತು ವರ್ಷಗಳಿಂದ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ಗುಮಾಸ್ತ. ಆದುದರಿಂದ ಇಲ್ಲಿ ಚಿಕಿತ್ಸೆ ಹೇಳುವ ಅಧಿಕಪ್ರಸಂಗಕ್ಕೆ ಕೈ ಹಾಕುವುದಿಲ್ಲ. ಕೈಲಾಗುವುದು ಲೆಕ್ಕ ಮಾತ್ರ. ಸಲಹೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವಾಗ ಸಾಮಾನ್ಯ ಸಂಸಾರಸ್ಥನಿಗೆ ಲೆಕ್ಕವೇ ಹೆಚ್ಚು ಉಪಕಾರಿ ಎಂಬುದು ನನ್ನ ಅಭಿಪ್ರಾಯ.

ಬದಲಾಗುವ ಸಲಹೆ

ಮೊದಲಿಗೆ ತಜ್ಞರ ಪರವಾಗಿ ಒಂದು ಮಾತು. ‘ಇವರು ದಿನಕ್ಕೊಂದು ಹೇಳುತ್ತಾರೆ’ ಎಂಬ ದೂರು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೊಟ್ಟೆಯ ವಿಷಯ ನೋಡಿ. ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೊಲೆಸ್ಟರಾಲ್ ತಿನ್ನಬಾರದೆಂದು ಅಮೆರಿಕದವರು ದಶಕಗಳ ಕಾಲ ಹೇಳಿಕೊಂಡು ಬಂದರು. ಒಂದು ಮೊಟ್ಟೆಯ ಹಳದಿಯಲ್ಲೇ ಅದರ ಅರ್ಧಕ್ಕಿಂತ ಹೆಚ್ಚು ಇರುತ್ತದೆ. 2015ರ ನಂತರದ ಅವರ ಮಾರ್ಗಸೂಚಿಯಲ್ಲಿ ಆ ಮಿತಿಯನ್ನು ಕೈಬಿಡಲಾಯಿತು. ವನಸ್ಪತಿಯ ಕಥೆ ಇದಕ್ಕೆ ತಿರುವುಮುರುವು. ನಮ್ಮ ಬಾಲ್ಯದಲ್ಲಿ ತುಪ್ಪಕ್ಕೆ ಬದಲಿಯೆಂದು ಮನೆ-ಹೋಟೆಲುಗಳಿಗೆ ಡಬ್ಬಿಗಟ್ಟಲೆ ಬಂದ ಆ ಬಿಳಿ ಕೊಬ್ಬಿನಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಎಲ್ಲಕ್ಕಿಂತ ಕೆಟ್ಟದ್ದೆಂದು ಆಮೇಲೆ ಸಿದ್ಧವಾಯಿತು. ಎಣ್ಣೆ-ಕೊಬ್ಬುಗಳಲ್ಲಿ ಅದು ಶೇ. 2ಕ್ಕಿಂತ ಹೆಚ್ಚಿರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದುದು 2022ರ ಜನವರಿಯಲ್ಲಿ.

ಇನ್ನು ನಮ್ಮ ಕರಾವಳಿಯವರಿಗೆ ಪ್ರಾಣಪ್ರಿಯವಾದ ತೆಂಗಿನೆಣ್ಣೆ. ಒಬ್ಬರು ವಿಷವೆಂದರು, ಇನ್ನೊಬ್ಬರು ಅಮೃತವೆಂದರು. ಎರಡೂ ಅತಿಯೇ. ಅದರ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಒಂಬತ್ತಾಣೆ ಅಲ್ಲ, ಹದಿನಾಲ್ಕಾಣೆ ಪಾಲು ಪರ್ಯಾಪ್ತ ಕೊಬ್ಬು, ಅಂದರೆ ಬೆಣ್ಣೆಗಿಂತಲೂ ಹೆಚ್ಚು. ಅದು ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ ಎಂಬ ಕಾರಣಕ್ಕೆ ಅಮೆರಿಕದ ಹೃದ್ರೋಗ ಸಂಸ್ಥೆ 2017ರಲ್ಲಿ ಅದರ ವಿರುದ್ಧ ಸಲಹೆ ನೀಡಿತು. ಆದರೆ ಒಗ್ಗರಣೆಗೆ ಒಂದು ಚಮಚ ಹಾಕುವುದಕ್ಕೂ, ಅದರಲ್ಲೇ ಹಪ್ಪಳ-ಸಂಡಿಗೆ ಕರಿಯುವುದಕ್ಕೂ, ಬೆಳಗ್ಗೆ ಬರಿಹೊಟ್ಟೆಗೆ ಲೋಟದಲ್ಲಿ ಕುಡಿಯುವುದಕ್ಕೂ ವ್ಯತ್ಯಾಸವಿಲ್ಲವೇ? ನಮ್ಮ ಹಿರಿಯರು ತೆಂಗಿನೆಣ್ಣೆ ಉಂಡೇ ಗಟ್ಟಿಯಾಗಿದ್ದರೆಂಬ ವಾದವನ್ನು ಪ್ರತಿಯೊಂದು ಸಭೆಯಲ್ಲೂ ಕೇಳುತ್ತೇವೆ. ಆ ಹಿರಿಯರು ಗದ್ದೆ ಉತ್ತವರು, ಎಣ್ಣೆಯನ್ನು ಕುಡಿಕೆಯಲ್ಲಿ ಅಳೆದು ತಂದವರು. ಅವರ ಎಣ್ಣೆಯನ್ನು ಮಾತ್ರ ಉಳಿಸಿಕೊಂಡು ಅವರ ನೊಗವನ್ನು ಬಿಟ್ಟರೆ ಹೋಲಿಕೆ ನಿಲ್ಲುವುದಿಲ್ಲ.

ಗಮನಿಸಬೇಕಾದುದೇನೆಂದರೆ, ಈ ಜಗಳಗಳೆಲ್ಲ ನಡೆಯುವುದು ಅಂಚಿನಲ್ಲಿ. ಸೊಪ್ಪು-ತರಕಾರಿ ಬೇಕು, ಬೇಳೆ-ಕಾಳು ಬೇಕು, ಉಪ್ಪು-ಸಕ್ಕರೆ-ಎಣ್ಣೆ ಮಿತವಾಗಿರಬೇಕು ಎಂಬ ನಡುಮಧ್ಯದ ಮಾತನ್ನು ಪ್ರಮುಖ ಸಂಸ್ಥೆಗಳು ಯಾವುವೂ ಹಿಂದಕ್ಕೆ ಪಡೆದಿಲ್ಲ. ಅದು ಹಳೆಯ ಸುದ್ದಿಯಾದ್ದರಿಂದ ಯಾರೂ ವೀಡಿಯೋ ಮಾಡುವುದಿಲ್ಲ, ಅಷ್ಟೇ.

ಕುಚ್ಚಲಕ್ಕಿಯ ಹಿರಿಮೆ, ಕುಚ್ಚಲಕ್ಕಿಯ ಮಿತಿ

ಆಹಾರ ಶಾಸ್ತ್ರದ ಇತಿಹಾಸದಲ್ಲಿ ನಮ್ಮ ಕುಚ್ಚಲಕ್ಕಿಗೂ ಒಂದು ಸ್ಥಾನವಿದೆ ಎಂಬುದು ಬಹುಮಂದಿಗೆ ತಿಳಿದಿರಲಿಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಕ್ಕಿ ಉಣ್ಣುವ ಪೂರ್ವದೇಶಗಳಲ್ಲಿ ಬೆರಿಬೆರಿ ಎಂಬ ರೋಗ ಸಾವಿರಾರು ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಕೈಕಾಲು ಸೋತು, ಮೈ ಊದಿ, ಕೊನೆಗೆ ಹೃದಯ ಕೈಕೊಡುವ ರೋಗ. ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಶ್ಚಿಯನ್ ಐಕ್ಮನ್ ಅವರು ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳಿಗೆ ಅದೇ ಬಗೆಯ ಕಾಯಿಲೆ ಬರುವುದನ್ನೂ, ತೌಡು ಕೊಟ್ಟರೆ ಗುಣವಾಗುವುದನ್ನೂ ಕಂಡರು. ಮುಂದೆ 1929ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಈ ನಡುವೆ, 1905ರ ಸುಮಾರಿಗೆ, ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ಒಂದು ಗುಂಪಿಗೆ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯ ಅನ್ನವನ್ನೂ, ಇನ್ನೊಂದು ಗುಂಪಿಗೆ ಕುಚ್ಚಿದ ಅಕ್ಕಿಯ ಅನ್ನವನ್ನೂ ಕೊಟ್ಟು ನೋಡಿದರು. ಬೆಳ್ತಿಗೆ ಅಕ್ಕಿ ಉಂಡವರಲ್ಲಿ ಹಲವರಿಗೆ ಬೆರಿಬೆರಿ ತಗಲಿತು, ಕುಚ್ಚಿದ್ದನ್ನು ಉಂಡವರಲ್ಲಿ ಹೊಸದಾಗಿ ಯಾರಿಗೂ ಬರಲಿಲ್ಲ. ಭತ್ತವನ್ನು ಬೇಯಿಸಿ ಒಣಗಿಸುವಾಗ ಸಿಪ್ಪೆಯ ಬಳಿಯ ಬಿ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ ಎಂಬುದೇ ಇದರ ಗುಟ್ಟು.

ನಮ್ಮ ದೇಶದಲ್ಲಿಯೂ ಇದೇ ರೋಗದ ಅಧ್ಯಯನಕ್ಕಾಗಿ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬವರು ಒಂದೇ ಕೋಣೆಯ ಪ್ರಯೋಗಾಲಯ ತೆರೆದರು. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. ಈ ಸಂಸ್ಥೆಯ ಹೆಸರನ್ನು ಓದುಗ ಬಾಂಧವರು ನೆನಪಿನಲ್ಲಿಡಬೇಕು. ಪರದೇಶದ ಸಲಹೆಗಳು ಗೋಧಿ ಬ್ರೆಡ್ಡು, ಮಾಂಸದ ಊಟ ಮಾಡುವವರನ್ನು ಕಣ್ಮುಂದಿಟ್ಟುಕೊಂಡು ಹೊರಡುತ್ತವೆ. ಇವರು ಲೆಕ್ಕ ಹಾಕುವುದು ಅನ್ನ, ರೊಟ್ಟಿ, ಬೇಳೆ ಉಣ್ಣುವವರಿಗೆ.

ಇಷ್ಟು ಹೇಳಿದ ಮೇಲೆ, ಕುಚ್ಚಲಕ್ಕಿಯೆಂದು ಬಟ್ಟಲು ತುಂಬ ಉಂಡರೆ ಸಕ್ಕರೆ ಏರುವುದಿಲ್ಲ ಎಂದು ಯಾರೂ ತಿಳಿಯಬಾರದು. ಕುಚ್ಚಲಕ್ಕಿಯೂ ಅಕ್ಕಿಯೇ. ಬೆರಿಬೆರಿಯ ಕಾಲದ ಕೊರತೆ ಜೀವಸತ್ವದ್ದು, ಇಂದಿನ ತೊಂದರೆ ಪ್ರಮಾಣದ್ದು. ಅದೇ ಮಧುಮೇಹ ಸಮೀಕ್ಷೆಯ ತಂಡ 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ಪ್ರಕಾರ ಭಾರತೀಯರು ತಮ್ಮ ಶಕ್ತಿಯ ಶೇ. 62ರಷ್ಟನ್ನು ಪಿಷ್ಟ-ಸಕ್ಕರೆಗಳಿಂದಲೇ ಪಡೆಯುತ್ತಾರೆ. ಬಿಳಿ ಅಕ್ಕಿಯ ಬದಲಿಗೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ಅಷ್ಟೇ ಪ್ರಮಾಣದಲ್ಲಿ ತಿಂದರೆ ಮಧುಮೇಹದ ಅಪಾಯ ಇಳಿದಂತೆ ಕಾಣಲಿಲ್ಲ. ಅದರ ಒಂದಂಶವನ್ನು ಬೇಳೆ, ಹಾಲು-ಮೊಸರು, ಮೊಟ್ಟೆ, ಮೀನುಗಳಿಗೆ ಬಿಟ್ಟುಕೊಟ್ಟಲ್ಲಿ ಅಪಾಯ ಕಡಿಮೆ ಇತ್ತು.

ಈ ಒಂದು ಮಾತು ನಮ್ಮ ಮನೆಗಳ ಎಷ್ಟೋ ಕಲಹಗಳಿಗೆ ತೆರೆ ಎಳೆಯಬಹುದು. ಅನ್ನ ಬಿಟ್ಟು ನಾಲ್ಕು ಚಪಾತಿ ತಿನ್ನುವವರು, ಚಪಾತಿ ಬಿಟ್ಟು ದೊಡ್ಡ ರಾಗಿ ಮುದ್ದೆ ನುಂಗುವವರು, ‘ಸಿರಿಧಾನ್ಯ’ವೆಂದು ಬರೆದ ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡುವವರು, ಎಲ್ಲರೂ ಒಂದೇ ಖಾತೆಯಿಂದ ಇನ್ನೊಂದು ಖಾತೆಗೆ ಹಣ ವರ್ಗಾಯಿಸಿ ಸಾಲ ತೀರಿತೆಂದು ತಿಳಿದವರ ಹಾಗೆ. ರಾಗಿ ಒಳ್ಳೆಯದಲ್ಲವೆಂದಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ಜೋಳದ ರೊಟ್ಟಿಯ ಬಗ್ಗೆ ಧಾರವಾಡ-ವಿಜಯಪುರದ ಬಂಧುಗಳಿಗೆ ನಾನು ಹೇಳಬೇಕಾದುದೇನೂ ಇಲ್ಲ. ರೊಟ್ಟಿಯ ಬದಿಯಲ್ಲಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಮೆಂತ್ಯ, ಸೌತೆಕಾಯಿ, ಮೊಸರು ಇಡುವ ಅವರ ಪದ್ಧತಿಯಲ್ಲಿ ಈ ಅಧ್ಯಯನದ ಸಾರವೆಲ್ಲ ಮೊದಲೇ ಇದೆ. ಮುಂಬಯಿಗೆ ಬಂದ ಮೇಲೆ ಆ ಬದಿಯ ಪದಾರ್ಥಗಳು ಒಂದೊಂದಾಗಿ ಮಾಯವಾಗಿ ರೊಟ್ಟಿ ಮಾತ್ರ ಉಳಿಯಿತು ಎಂಬುದು ಬೇರೆ ಮಾತು.

ಮನೆಯ ಪಾಸ್‌ಬುಕ್

ಇನ್ನು ಲೆಕ್ಕಕ್ಕೆ ಬರೋಣ. ಬ್ಯಾಂಕಿನಲ್ಲಿ ಸಾಲಕ್ಕೆ ಬಂದವರು ‘ನನ್ನ ಖರ್ಚು ಬಹಳ ಕಡಿಮೆ ಸಾರ್’ ಎಂದೇ ಹೇಳುತ್ತಾರೆ. ನಾವು ಅವರ ಮಾತನ್ನು ಅಲ್ಲಗಳೆಯದೆ ಪಾಸ್‌ಬುಕ್ ನೋಡುತ್ತೇವೆ. ಊಟದಲ್ಲೂ ಹಾಗೆಯೇ. ‘ನಮ್ಮ ಮನೆಯಲ್ಲಿ ಎಣ್ಣೆಯೇ ಇಲ್ಲ’ ಎನ್ನದ ಗೃಹಿಣಿ ಸಿಗುವುದು ಅಪರೂಪ. ಆದರೆ ಪ್ರತಿ ಮನೆಗೂ ಒಂದು ಪಾಸ್‌ಬುಕ್ ಇದೆ: ತಿಂಗಳ ಕಿರಾಣಿ ಸಾಮಾನಿನ ಚೀಟಿ.

ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿಯನ್ನು ಹೊರತಂದಿತು. ದಿನಕ್ಕೆ ಸುಮಾರು 2,000 ಕ್ಯಾಲೊರಿ ಬೇಕಾಗುವ ಒಬ್ಬ ವಯಸ್ಕರಿಗೆ ಅದು ಹೇಳುವ ಪ್ರಮಾಣ ಹೀಗಿದೆ: ಅಕ್ಕಿ-ಗೋಧಿ-ರಾಗಿ ಮುಂತಾದ ಧಾನ್ಯ ಎಲ್ಲ ಸೇರಿ 250 ಗ್ರಾಂ, ಬೇಳೆ-ಕಾಳು ಅಥವಾ ಅದರ ಜಾಗದಲ್ಲಿ ಮೊಟ್ಟೆ-ಮೀನು-ಮಾಂಸ 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಶೇಂಗಾ, ಎಳ್ಳು ಮುಂತಾದ ಎಣ್ಣೆಬೀಜ 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ, ಹಾಲು-ಮೊಸರು 300 ಮಿಲಿ. ಎಲ್ಲವೂ ಬೇಯಿಸುವ ಮೊದಲಿನ ತೂಕ. ಉಪ್ಪು 5 ಗ್ರಾಂ ಮೀರಬಾರದು, ಸಕ್ಕರೆ 20-25 ಗ್ರಾಂಗೆ ನಿಲ್ಲಬೇಕು.

ಗ್ರಾಂ ಲೆಕ್ಕ ಹಿಡಿದು ಯಾರೂ ಉಣ್ಣಲಾರರು. ತಕ್ಕಡಿ ಇಟ್ಟುಕೊಂಡು ಊಟಕ್ಕೆ ಕುಳಿತರೆ ಅನ್ನ ತಣ್ಣಗಾಗುತ್ತದೆ, ಮನೆಯವರು ಬಿಸಿಯಾಗುತ್ತಾರೆ. ಆದ್ದರಿಂದ ನಾಲ್ವರು ವಯಸ್ಕರ ಸಂಸಾರಕ್ಕೆ ಮೂವತ್ತು ದಿನಗಳ ಗುಣಾಕಾರ ಮಾಡಿ ನೋಡಿದೆ.

ಎಣ್ಣೆ, ತುಪ್ಪ ಸೇರಿ ತಿಂಗಳಿಗೆ 3 ಕಿಲೋ 240 ಗ್ರಾಂ. ಲೀಟರಿನಲ್ಲಿ ಹೇಳುವುದಾದರೆ ಸುಮಾರು ಮೂರೂವರೆ. ನಮ್ಮ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಬರುವುದು ಐದು ಲೀಟರಿನ ಕ್ಯಾನು. ಅದು ತಿಂಗಳೊಳಗೆ ಮುಗಿದರೆ ತಲೆಗೆ ದಿನವಹಿ 38 ಗ್ರಾಂ ಆಯಿತು. ಸ್ಟೇಷನ್ನಿನ ಹೊರಗೆ ತಿಂದ ವಡಾಪಾವ್, ಆಫೀಸಿನ ಕ್ಯಾಂಟೀನಿನ ಭಜಿ, ಭಾನುವಾರದ ಹೋಟೆಲ್ ಊಟ ಇದರಲ್ಲಿ ಬಂದಿಲ್ಲ. ತೆಂಗಿನೆಣ್ಣೆಯೋ ಶೇಂಗಾ ಎಣ್ಣೆಯೋ ಎಂದು ಚರ್ಚಿಸುವ ಮೊದಲು ಕ್ಯಾನು ಎಷ್ಟು ದಿನ ಬಂತೆಂದು ಕೇಳಿಕೊಳ್ಳುವುದು ಲೇಸು. ಎಣ್ಣೆಯನ್ನು ಆಗಾಗ ಬದಲಾಯಿಸಿಯೋ, ಎರಡು ಬಗೆ ಇಟ್ಟುಕೊಂಡೋ ಬಳಸಿದರೆ ಒಳಿತೆಂದು ತಜ್ಞರು ಹೇಳುತ್ತಾರೆ, ಅದಕ್ಕೂ ಈ ಮೂರೂವರೆ ಲೀಟರಿನೊಳಗೇ ಜಾಗ ಹುಡುಕಬೇಕು.

ಉಪ್ಪು ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಪೊಟ್ಟಣ ಒಂದೇ ತಿಂಗಳಲ್ಲಿ ಖಾಲಿಯಾಗುವ ಮನೆಯಲ್ಲಿ ತಲೆಗೆ 8 ಗ್ರಾಂ ದಾಟಿತು. ಸೋಜಿಗವೆಂದರೆ ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ ಭಾರತೀಯ ವಯಸ್ಕರ ಸರಾಸರಿಯೂ ಸುಮಾರು 8 ಗ್ರಾಂ ಎಂದೇ ಕಂಡುಬಂದಿದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಫರಸಾಣದ ಉಪ್ಪು ಪೊಟ್ಟಣದ ಲೆಕ್ಕಕ್ಕೆ ಸಿಗುವುದಿಲ್ಲ. ಗುಲಾಬಿ ಬಣ್ಣದ ಉಪ್ಪನ್ನು ಹತ್ತು ಪಟ್ಟು ಹಣ ಕೊಟ್ಟು ತರುವವರಿದ್ದಾರೆ. ರಕ್ತದೊತ್ತಡದ ಮಟ್ಟಿಗೆ ಅದೂ ಉಪ್ಪೇ, ಮೇಲಾಗಿ ಅಯೋಡಿನ್ ಸೇರಿಸದಿದ್ದರೆ ಅದರ ಲಾಭವೂ ಇಲ್ಲ. ಸೋಡಿಯಂ ಕಡಿಮೆಯಿರುವ ಉಪ್ಪು ಈಗ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇದ್ದವರು, ಬಿ.ಪಿ.ಯ ಕೆಲವು ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಸಕ್ಕರೆ ಹೆಚ್ಚೆಂದರೆ 3 ಕಿಲೋ, ಬೆಲ್ಲವನ್ನೂ ಕೂಡಿಸಿ. ಬೆಲ್ಲ ಬೇರೆ, ಸಕ್ಕರೆ ಬೇರೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶವಿದೆ ನಿಜ, ಆದರೆ ಅದರ ಬಹುಪಾಲು ಸಕ್ಕರೆಯೇ. ಮಧುಮೇಹಿಯ ರಕ್ತಕ್ಕೆ ಎರಡರ ನಡುವಿನ ಭೇದ ತಿಳಿಯುವುದಿಲ್ಲ. ಕೃತಕ ಸಿಹಿಗುಳಿಗೆಗಳನ್ನು ತೂಕ ಇಳಿಸುವ ಉಪಾಯವಾಗಿ ಬಳಸಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಚಹಾದ ಸಕ್ಕರೆಯನ್ನು ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ತಿಂಗಳೆರಡರಲ್ಲಿ ನಾಲಿಗೆ ತಾನೇ ಒಗ್ಗುತ್ತದೆ.

ಇವು ಮೂರು ಖರ್ಚಿನ ಕಡೆಯವು. ಜಮೆಯ ಕಡೆ ನೋಡಿದರೆ ನಿಜವಾದ ಕೊರತೆ ಕಾಣುತ್ತದೆ. ನಾಲ್ವರಿಗೆ ಬೇಳೆ-ಕಾಳು ತಿಂಗಳಿಗೆ 10 ಕಿಲೋ ಬೇಕು. ಮೀನು-ಮೊಟ್ಟೆ ತಿನ್ನುವವರು ಅದಕ್ಕೆ ತಕ್ಕಂತೆ ಕಳೆಯಬಹುದು. ಸಸ್ಯಾಹಾರಿ ಮನೆಗಳಲ್ಲೂ ತೊಗರಿಬೇಳೆ ಎರಡು ಕಿಲೋ, ಉದ್ದು ಒಂದು, ಹೆಸರು ಅರ್ಧ, ಕಡಲೆ ಅರ್ಧ ಎಂದು ನಾಲ್ಕು ಕಿಲೋ ದಾಟುವುದಿಲ್ಲ. ಅಂದರೆ ತಲೆಗೆ 33 ಗ್ರಾಂ. ತೆಳ್ಳಗಿನ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಾದ ಸ್ಥಿತಿ! ಹುರುಳಿ ಸಾರು, ಹೆಸರುಕಾಳಿನ ಗಸಿ, ಅಲಸಂಡೆ ಬೀಜದ ಪಲ್ಯ, ಕೋಸಂಬರಿ ಇವೆಲ್ಲ ನಮ್ಮದೇ ಅಡುಗೆ. ಡಬ್ಬಿಯೊಂದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಪ್ರೋಟೀನ್ ಪುಡಿ ತರುವ ಹುಡುಗರಿಗೆ ತಿಳಿಸಬೇಕಾದ ಸಂಗತಿಯೆಂದರೆ, ಮೇಲೆ ಹೇಳಿದ ಮಾರ್ಗಸೂಚಿ ಅಂಥ ಪುಡಿಗಳನ್ನು ದೂರವಿಡಿ ಎಂದೇ ಹೇಳುತ್ತದೆ. ಧಾನ್ಯ ಮೂರು ಪಾಲು, ಬೇಳೆ ಒಂದು ಪಾಲು ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇಡ್ಲಿಯ ಹಿಟ್ಟಿಗೆ ನೆನೆಹಾಕುವ ಅಕ್ಕಿ-ಉದ್ದಿನ ಅಳತೆ ಇದರ ಆಸುಪಾಸಿನದೇ ಅಲ್ಲವೇ?

ತರಕಾರಿಯ ಲೆಕ್ಕ ನೋಡಿದಾಗ ನನಗೇ ಗಾಬರಿಯಾಯಿತು. ತಲೆಗೆ 400 ಗ್ರಾಂ ಎಂದರೆ ನಾಲ್ವರಿಗೆ ದಿನಕ್ಕೆ 1 ಕಿಲೋ 600 ಗ್ರಾಂ. ತಿಂಗಳಿಗೆ 48 ಕಿಲೋ. ಬಟಾಟೆಯನ್ನು ಇದರಲ್ಲಿ ಸೇರಿಸದಿರುವುದೇ ಪ್ರಾಮಾಣಿಕತೆ. ದಿನಾ ಸಂಜೆ ಲೋಕಲ್ ಇಳಿದು ಪಾವು ಕಿಲೋ ಬೆಂಡೆ, ಪಾವು ಕಿಲೋ ತೊಂಡೆ ಕಟ್ಟಿಸಿಕೊಂಡು ಹೋಗುವವರು ಈ ಗುರಿಯ ಮೂರನೆಯ ಒಂದು ಭಾಗಕ್ಕೂ ಬಂದಿಲ್ಲ. 48 ಕಿಲೋ ಎಲ್ಲರ ಕೈಗೂ ನಿಲುಕುವುದಿಲ್ಲ, ಮುಂಬಯಿಯ ಮಳೆಗಾಲದ ತರಕಾರಿ ದರವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಆದರೆ ಸೊಪ್ಪು ಇಂದಿಗೂ ಅಗ್ಗ. ಊರಿನ ಹರಿವೆ ಇಲ್ಲಿ ‘ಲಾಲ್ ಮಾಠ್’ ಎಂಬ ಹೆಸರಿನಲ್ಲಿ ಪ್ರತಿ ಭಾಜಿ ಮಾರ್ಕೆಟಿನಲ್ಲಿ ಸಿಗುತ್ತದೆ. ಬಸಳೆ, ನುಗ್ಗೆ ಸೊಪ್ಪು, ಒಂದೆಲಗ ಬೇಕಾದವರು ಮಾಟುಂಗಾಕ್ಕೆ ಹೋದರಾಯಿತು. ಎಣ್ಣೆಬೀಜವೆಂದರೆ ಬಾದಾಮಿಯೇ ಆಗಬೇಕೆಂದಿಲ್ಲ, ಒಂದು ಹಿಡಿ ಶೇಂಗಾ ಸಾಕು. ಮೀನು ತಿನ್ನುವವರಿಗೆ ಪಾಂಫ್ರೆಟ್, ಅಂಜಲಿಗಿಂತ ಅಗ್ಗದ ಬಂಗುಡೆ-ಭೂತಾಯಿಗಳಲ್ಲೇ ಹೃದಯಕ್ಕೆ ಹಿತವಾದ ಒಮೆಗಾ-3 ಕೊಬ್ಬು ಚೆನ್ನಾಗಿರುತ್ತದೆ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿದರೆ ಮಾತ್ರ ಲೆಕ್ಕ ಮತ್ತೆ ಕ್ಯಾನಿಗೆ ಹೋಗುತ್ತದೆ.

ಧಾನ್ಯ 30 ಕಿಲೋ. 25 ಕಿಲೋ ಅಕ್ಕಿಯ ಚೀಲ, 10 ಕಿಲೋ ಗೋಧಿ ಹಿಟ್ಟು, ಮೇಲೆ ರವೆ-ಅವಲಕ್ಕಿ-ಶಾವಿಗೆ ಬರುವ ಮನೆಯಲ್ಲಿ ಅನ್ನ ಒಳ್ಳೆಯದೋ ಚಪಾತಿ ಒಳ್ಳೆಯದೋ ಎಂಬ ವಾದಕ್ಕೆ ಅರ್ಥವಿಲ್ಲ.

ಸರಾಸರಿಯ ಮೋಸ

ಈ ಲೆಕ್ಕದಲ್ಲೂ ಒಂದು ಬಿರುಕಿದೆ. ಸರಾಸರಿ ಎಂಬುದು ಬ್ಯಾಂಕಿನಲ್ಲೂ ನಂಬಲರ್ಹವಾದ ವಸ್ತುವಲ್ಲ. ಮನೆಗೆ ಬಂದ ಹತ್ತು ಕಿಲೋ ಬೇಳೆ ನಾಲ್ವರ ತಟ್ಟೆಗೂ ಸಮನಾಗಿ ಹೋಗುತ್ತದೆಯೇ? ಬೆಳಗಿನ ಜಾವ ಎದ್ದು ಎಲ್ಲರ ಡಬ್ಬಿ ಕಟ್ಟಿ, ರಾತ್ರಿ ಹತ್ತಕ್ಕೆ ಕೊನೆಯದಾಗಿ ಊಟಕ್ಕೆ ಕುಳಿತುಕೊಳ್ಳುವ ತಾಯಂದಿರ ಪಾಲಿಗೆ ಉಳಿಯುವುದು ಅನ್ನ, ತಳದ ಸಾರು, ಉಪ್ಪಿನಕಾಯಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡುಬಂದಿತು. ಪಲ್ಯ ಕಡಿಮೆ ಬಿದ್ದರೆ ಯಾರ ತಟ್ಟೆಯಲ್ಲಿ ಕಡಿಮೆಯಾಗುತ್ತದೆ ಎಂಬುದು ಪ್ರತಿ ಮನೆಗೂ ಗೊತ್ತಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ರಾತ್ರಿಗಳನ್ನು ವಾರಕ್ಕೆ ಎರಡು-ಮೂರಾದರೂ ಹೆಚ್ಚಿಸಿಕೊಂಡರೆ ಯಾವ ಪಥ್ಯವೂ ಕೊಡದ ಲಾಭ ಮನೆಯೊಡತಿಗೆ ಸಿಗಬಹುದು.

ಇನ್ನೊಂದು ಎಚ್ಚರಿಕೆಯ ಮಾತು. ಮೇಲಿನ ಪ್ರಮಾಣಗಳೆಲ್ಲ ಆರೋಗ್ಯವಂತರಿಗೆ. ಮೂತ್ರಪಿಂಡದ ಕಾಯಿಲೆಯವರಿಗೆ ಬೇಳೆಯ ಮಿತಿಯೇ ಬೇರೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಯಾರದೋ ಮಾತು ಕೇಳಿ ಹದಿನಾರು ಗಂಟೆ ಉಪವಾಸ ಕುಳಿತರೆ ಸಕ್ಕರೆ ಹಠಾತ್ತಾಗಿ ಕುಸಿದು ರೈಲಿನಲ್ಲೇ ಪ್ರಜ್ಞೆ ತಪ್ಪಬಹುದು. ನಮ್ಮ ಪರಿಚಯದ ಹಿರಿಯರೊಬ್ಬರು, ಹೋಟೆಲ್ ಕಾರ್ಮಿಕರಾಗಿ ದುಡಿದು ನಿವೃತ್ತರಾದವರು, ಜಾಹೀರಾತು ನೋಡಿ ಯಾವುದೋ ರಸ ತರಿಸಿಕೊಂಡು ಮಾತ್ರೆ ನಿಲ್ಲಿಸಿದರು. ಆರು ತಿಂಗಳಲ್ಲಿ ಕಾಲಿನ ಒಂದು ಸಣ್ಣ ಗಾಯ ಮಾಯದೆ ಎರಡು ಬೆರಳು ಕಳೆದುಕೊಂಡರು. ಹಾಗಲಕಾಯಿ ಪಲ್ಯ ಉಣ್ಣಿ, ಮೆಂತ್ಯ ನೆನೆಸಿ ತಿನ್ನಿ, ಯಾರ ಅಡ್ಡಿಯೂ ಇಲ್ಲ. ಮಾತ್ರೆಯ ಬಗ್ಗೆ ನಿರ್ಧರಿಸುವವರು ವೈದ್ಯರು.

ಸಂಘಗಳು ಏನು ಮಾಡಬಹುದು

ನಮ್ಮ ಸಂಘಗಳು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸುವುದು ಶ್ಲಾಘನೀಯ. ಆದರೆ ಬೆಳಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡ ಸದಸ್ಯರಿಗೆ ಪಕ್ಕದ ಕೋಣೆಯಲ್ಲೇ ಶೀರಾ, ಬಟಾಟೆ ವಡೆ, ಸಿಹಿ ಚಹಾ ಕೊಡುವ ಪದ್ಧತಿಯನ್ನು ಪದಾಧಿಕಾರಿಗಳು ಒಮ್ಮೆ ಪುನರ್ವಿಮರ್ಶಿಸಬೇಕು. ವಾರ್ಷಿಕೋತ್ಸವದ ಊಟದಲ್ಲಿ ಪೂರಿ, ಪಲಾವು, ಎರಡು ಸಿಹಿ, ಐಸ್‌ಕ್ರೀಂ ಇದ್ದು ತರಕಾರಿ ಎಂಬುದು ಪಲಾವಿನೊಳಗಿನ ನಾಲ್ಕು ಬಟಾಣಿಗೆ ಸೀಮಿತವಾಗಿರುತ್ತದೆ. ಹಬ್ಬದ ದಿನ ಹೋಳಿಗೆ ಬೇಡವೆನ್ನುವ ನಿಷ್ಠುರಿ ನಾನಲ್ಲ. ಎರಡು ಸಿಹಿಯ ಬದಲಿಗೆ ಒಂದು, ಆ ಉಳಿದ ಹಣದಲ್ಲಿ ಎರಡು ಬಗೆಯ ಕೋಸಂಬರಿ, ಒಂದು ಕಾಳಿನ ಪಲ್ಯ, ತಂಬುಳಿ, ಮಜ್ಜಿಗೆ ಬಡಿಸಿದರೆ ಸಂಘದ ಗೌರವಕ್ಕೆ ಕುಂದು ಬಾರದು. ಬಾಳೆ ಎಲೆಯ ಊಟದಲ್ಲಿ ಉಪ್ಪು-ಉಪ್ಪಿನಕಾಯಿಯ ಮಗ್ಗುಲಲ್ಲೇ ಕೋಸಂಬರಿ-ಪಲ್ಯಗಳಿಗೆ ಜಾಗ ಇಟ್ಟು, ಅನ್ನ ಬರುವ ಮುಂಚೆ ಬಡಿಸಿದವರು ಸುಮ್ಮನೆ ಬಡಿಸಲಿಲ್ಲ. ಪ್ಲೇಟು ಹಿಡಿದು ಸಾಲಿನಲ್ಲಿ ನಿಲ್ಲುವ ಬಫೆಯಲ್ಲಿ ಕೋಸಂಬರಿ ಕೊನೆಯ ಮೇಜಿಗೆ ಹೋಗಿದೆ, ಅಷ್ಟರಲ್ಲಿ ಪ್ಲೇಟು ತುಂಬಿರುತ್ತದೆ.

ಹೋಟೆಲ್ ಉದ್ಯಮದಲ್ಲಿರುವ ನಮ್ಮ ಬಾಂಧವರಿಗೂ ಒಂದು ವಿನಂತಿ. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ ಶೇ. 25 ಮೀರಿದರೆ ಅದನ್ನು ಮತ್ತೆ ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಹಳೆಯ ಎಣ್ಣೆಯನ್ನು ಕೊಂಡು ಜೈವಿಕ ಡೀಸೆಲ್ ತಯಾರಿಸುವವರೂ ಇದ್ದಾರೆ. ಈ ಮಹಾನಗರಕ್ಕೆ ಇಡ್ಲಿ-ಸಾಂಬಾರಿನಂಥ ಹದವಾದ ತಿಂಡಿಯ ರುಚಿ ಹಿಡಿಸಿದವರಲ್ಲಿ ನಮ್ಮವರು ಮುಂಚೂಣಿಯಲ್ಲಿದ್ದರು. ಪಟ್ಟಿಯಲ್ಲಿ ಹೆಸರುಕಾಳಿನ ಉಸಳಿ, ರಾಗಿ ದೋಸೆ, ಹೆಚ್ಚು ತರಕಾರಿಯ ಸಾಂಬಾರು ಸೇರಿಸುವುದು ಅವರಿಗೆ ಕಷ್ಟದ ಕೆಲಸವೇನಲ್ಲ.

ಮಹಿಳಾ ವಿಭಾಗದವರಲ್ಲಿ ನನ್ನದೊಂದು ಸೂಚನೆಯಿದೆ. ಮುಂದಿನ ಅರಿಸಿನ ಕುಂಕುಮದ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಮೂರು ತಿಂಗಳ ಕಿರಾಣಿ ಚೀಟಿಗಳನ್ನು ತರಲಿ. ಹೆಸರು ಹೇಳಬೇಕಾಗಿಲ್ಲ, ತೋರಿಸಬೇಕಾಗಿಯೂ ಇಲ್ಲ. ಮನೆಯ ತಲೆಗಳಿಂದಲೂ ತೊಂಬತ್ತು ದಿನಗಳಿಂದಲೂ ಭಾಗಿಸಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಮಕ್ಕಳನ್ನು ಅರ್ಧ ತಲೆಯೆಂದು ಎಣಿಸಬಹುದು. ಅದೇ ದಿನ ಅರ್ಹತೆಯುಳ್ಳ ಆಹಾರ ತಜ್ಞರೊಬ್ಬರನ್ನು ಕರೆಸಿ, ಭಾಷಣದ ಬದಲು ಒಂದು ಗಂಟೆ ಪ್ರಶ್ನೋತ್ತರಕ್ಕೆ ಬಿಟ್ಟರೆ ಇನ್ನೂ ಒಳ್ಳೆಯದು. ಚೀಟಿ ಇಟ್ಟುಕೊಳ್ಳುವ ರೂಢಿಯಿಲ್ಲದವರು ಹೊಸ ಎಣ್ಣೆ ಕ್ಯಾನು, ಉಪ್ಪಿನ ಪೊಟ್ಟಣ, ಸಕ್ಕರೆ ಡಬ್ಬಿ ತೆರೆದ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಲಿ. ಹಾಲಿನ ಲೆಕ್ಕವನ್ನು ಈಗಲೂ ಅಲ್ಲೇ ಬರೆಯುತ್ತೇವಲ್ಲ, ಅದರ ಕೆಳಗೆ ಇನ್ನೂ ಜಾಗವಿರುತ್ತದೆ.